ಹಿಟ್ಟಿನ ಪೆಟ್ಟಿಗೆ ಇಡುವ ಜಾಗ

ಅರ್ಲೀನ್ ಗಂಡನ ಮನೆ ಬಿಟ್ಟು ಒಂಬತ್ತು ವರ್ಷವಾಗಿತ್ತು. ಗಂಡನ ಕೊಟ್ಟಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ. ದಿನವೂ ಬೆಳಕು ಹರಿಯುವ ಮೊದಲೇ ತನ್ನ ಹಳೇ ಕಾರಿನಲ್ಲಿ ಬಂದು, ಅಂಗಳದ ಆಚೆ ತುದಿಯಲ್ಲಿ ನಿಲ್ಲಿಸಿ, ಮನೆಯ ಕಡೆ ಮುಖ ಹಾಕದೆ ನೇರವಾಗಿ ಕೊಟ್ಟಿಗೆಗೆ ನಡೆಯುತ್ತಿದ್ದಳು. ಗಂಡ ಕ್ಲೆಮ್ ಒಂದು ಸಾಲಿನ ಹಸುಗಳನ್ನು ನೋಡಿಕೊಂಡರೆ ಅವಳು ಎದುರು ಸಾಲಿನವನ್ನು. ಯಾರಾದರೂ ಕೇಳಿದರೆ, “ಹಸುಗಳೇನು ನನ್ನ ಜೊತೆ ಜಗಳ ಆಡಿಲ್ಲವಲ್ಲ” ಎನ್ನುತ್ತಿದ್ದಳು. ಹಾಲು ಕರೆಯುವ ಯಂತ್ರ ನಿಂತ ಮೇಲೆ ಇಬ್ಬರೂ ಹಾಲಿನ ಕೋಣೆಯಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಕಾಫಿಗೆ ಅವಳಿಗೆ ಬೇಕಾದಷ್ಟು ಸಕ್ಕರೆ ಬಿದ್ದಿರುತ್ತಿತ್ತು. ಮಾಡಿ ಕಳಿಸಿದ್ದು ಅತ್ತೆ ಒಡೀಲ್ ಎಂಬುದು ಅವಳಿಗೆ ಗೊತ್ತು; ಕುಡಿಯುತ್ತಿರುವುದು ಸೊಸೆ ಎಂಬುದು ಅತ್ತೆಗೆ ಗೊತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅಲ್ಲಿಂದ ಅವಳು ಚೀಸ್ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಊರಿನ ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲಿದ್ದ ಬಾಡಿಗೆ ಕೋಣೆ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಮಧ್ಯಾಹ್ನದ ಊಟಕ್ಕೆ ಮಾತ್ರ ಅತ್ತೆಯ ಮೇಜಿಗೆ ಬರುತ್ತಿದ್ದಳು, ನೆಂಟರು ಬಂದ ಹಾಗೆ, ಕೈಯಲ್ಲಿ ಏನಾದರೂ ಹಿಡಿದುಕೊಂಡು. ಇದನ್ನು ಬೇರೆಯಾಗಿರುವುದು ಎನ್ನಬೇಕೋ ಜೊತೆಗಿರುವುದು ಎನ್ನಬೇಕೋ ಊರಿಗೂ ತಿಳಿದಿರಲಿಲ್ಲ. ವಿಚ್ಛೇದನದ ಮಾತು ಯಾರ ಬಾಯಲ್ಲೂ ಬಂದದ್ದಿಲ್ಲ. ವಕೀಲರಿಗೆ ದುಡ್ಡು ಸುರಿಯುವಂಥದ್ದು ತಮ್ಮ ನಡುವೆ ಏನಿದೆ ಎಂಬುದು ಇಬ್ಬರ ಅಭಿಪ್ರಾಯವೂ ಆಗಿತ್ತು.

ಆ ವರ್ಷದ ಫೆಬ್ರವರಿಯ ಒಂದು ಬೆಳಗ್ಗೆ ಅವಳು ಹಸುವಿನ ಕೆಚ್ಚಲು ಒರೆಸುತ್ತಾ, “ಜೋಸೆಫೀನ್ ಇದ್ದ ಮನೆ ಮಾರಾಟಕ್ಕಿದೆ” ಎಂದಳು. ಜೋಸೆಫೀನ್ ಊರಿನ ಅಂಚೆ ಕಚೇರಿ ನಡೆಸುತ್ತಿದ್ದ ಮುದುಕಿ. ಕಳೆದ ಶರತ್ಕಾಲದಲ್ಲಿ ತೀರಿಕೊಂಡಿದ್ದಳು.

“ಚರ್ಚ್ ಪಕ್ಕದ್ದಾ? ಸೂರು ಸೋರುತ್ತಲ್ಲ ಅದರದ್ದು” ಎಂದ ಕ್ಲೆಮ್.

“ಸೋರುತ್ತೆ. ನಾನು ತಗೋತೀನಿ.”

“ಸೋರೋ ಮನೇನಾ?”

“ನನ್ನ ಮನೇನ.”

ಕ್ಲೆಮ್ ಮುಂದಿನ ಹಸುವಿಗೆ ಸರಿದ. ಹಸುವಿನ ಆಚೆಯಿಂದ, “ಅಡುಗೆಮನೆಗೆ ಪೂರ್ವದ ಕಿಟಕಿ ಇರಬೇಕು ಅದರಲ್ಲಿ” ಎಂಬ ಮಾತು ಬಂತು.

“ಇದೆ” ಎಂದಳು ಅರ್ಲೀನ್. ಅದೊಂದು ಕಿಟಕಿಗಾಗಿಯೇ ಅವಳು ಆ ಮನೆಯನ್ನು ಮೂರು ಸಲ ನೋಡಿ ಬಂದಿದ್ದಳು.

ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಸೂರಿಗೆ ದುಡ್ಡಿರಲಿಲ್ಲ. ಆದರೆ ಮೊದಲ ಸಲ ಮನೆ ಕೊಳ್ಳುವವರಿಗೆ ಸರಕಾರ ಆಗ ತೆರಿಗೆಯಲ್ಲಿ ಎಂಟು ಸಾವಿರ ಡಾಲರ್ ವಾಪಸು ಕೊಡುತ್ತಿತ್ತು. ಏಪ್ರಿಲ್ ಮುಗಿಯುವುದರೊಳಗೆ ಕರಾರಾಗಬೇಕು, ಜೂನ್ ಮುಗಿಯುವುದರೊಳಗೆ ಮನೆ ಕೈಗೆ ಬರಬೇಕು. ಸೂರು ಹೊದಿಸುವವನು ಪರಿಚಯದವನು, ತೆರಿಗೆ ದುಡ್ಡು ಬಂದ ಮೇಲೆ ಕೊಟ್ಟರಾಯಿತು ಎಂದಿದ್ದ. ಆ ಎಂಟು ಸಾವಿರ ಬಂದರೆ ಮನೆ ಉಂಟು, ಬಾರದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ರೈತರು ಮಾರ್ಚ್ ಒಂದರ ಒಳಗೆ ತೆರಿಗೆ ಲೆಕ್ಕ ಒಪ್ಪಿಸುವುದು ವಾಡಿಕೆ. ಬೇರೆಯಾದ ಮೇಲೂ ಅರ್ಲೀನ್ ಮತ್ತು ಕ್ಲೆಮ್ ಜಂಟಿಯಾಗಿಯೇ ಲೆಕ್ಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಅವರು ಒಂದೇ ಮೇಜಿನ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂರುತ್ತಿದ್ದುದು ಆ ಲೆಕ್ಕದ ಕಚೇರಿಯಲ್ಲೇ. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ತೀರಿಹೋಗಿ ಈಗ ಅವನ ಮಗಳು ಬರ್ನಿಸ್ ಕೂರುತ್ತಿದ್ದಳು.

ಬರ್ನಿಸ್ ಕನ್ನಡಕ ಮೇಲೇರಿಸಿದಳು. “ನಿಮ್ಮ ಹೆಸರಲ್ಲಿ ಈ ಮೂರು ವರ್ಷದಲ್ಲಿ ಮನೆ ಏನಾದರೂ ಇತ್ತಾ ಅರ್ಲೀನ್?”

“ನನ್ನ ಹೆಸರಲ್ಲಿ ಒಂದು ಕೋಳಿಗೂಡೂ ಇದ್ದದ್ದಿಲ್ಲ.”

“ನಿಮ್ಮ ಯಜಮಾನರ ಹೆಸರಲ್ಲಿ?”

ಕ್ಲೆಮ್ ಟೊಪ್ಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ, “ಹುಟ್ಟಿದಾಗಿಂದ ಅಲ್ಲೇ ಇದೀನಿ” ಎಂದ.

“ಅವನದಲ್ಲದೆ ಇನ್ಯಾರದು? ಊರಿಗೆಲ್ಲ ಗೊತ್ತು ಕ್ಲೆಮ್ ತೋಟದ ಮನೆ” ಎಂದಳು ಅರ್ಲೀನ್.

“ಹಾಗಾದರೆ ಸಿಗಲ್ಲ” ಎಂದಳು ಬರ್ನಿಸ್. “ನೀವು ಬೇರೆ ಇರಬಹುದು. ಕಾನೂನಿನ ಕಣ್ಣಿಗೆ ನೀವು ಅವರ ಹೆಂಡತಿ. ಅವರಿಗೆ ಮನೆ ಇದ್ದರೆ ನಿಮಗೂ ಇದ್ದ ಹಾಗೇ. ಮನೆ ಕೊಳ್ಳೋ ದಿನ ಮದುವೆ ಇದೆಯಾ ಇಲ್ಲವಾ, ಅದನ್ನ ನೋಡ್ತಾರೆ.”

“ಒಂಬತ್ತು ವರ್ಷದಿಂದ ಬಾಡಿಗೆ ಕಟ್ತಾ ಇದೀನಲ್ಲ?”

“ಇಪ್ಪತ್ತು ವರ್ಷ ಕಟ್ಟಿದರೂ ಅಷ್ಟೇ. ಕೋರ್ಟಿನ ತೀರ್ಪು ಬೇಕು.” ಬರ್ನಿಸ್ ದನಿ ತಗ್ಗಿಸಿದಳು. “ಇಬ್ಬರೂ ಸೇರಿ ಅರ್ಜಿ ಹಾಕಬಹುದು, ಜಗಳ ಇಲ್ಲದಿದ್ದರೆ. ನಮ್ಮ ವಿಸ್ಕಾನ್ಸಿನ್‌ನಲ್ಲಿ ಅರ್ಜಿ ಹಾಕಿದ ಮೇಲೆ ನಾಲ್ಕು ತಿಂಗಳು ಕಾಯಬೇಕು. ಈಗಲೇ ಹಾಕಿದರೆ ಜೂನ್‌ಗೆ ಮುಗಿಯುತ್ತೆ.”

ಹೊರಗೆ ಬಂದು ಕಾರಿನ ಗಾಜಿಗೆ ಅಂಟಿದ ಮಂಜು ಕೆರೆಯುತ್ತಾ ಕ್ಲೆಮ್, “ಕಾಗದ ತಾನೇ ಬೇಕಿರೋದು? ಹಾಕೋಣ ಬಿಡು” ಎಂದ. ಅಷ್ಟು ಬೇಗ ಒಪ್ಪುತ್ತಾನೆಂದು ಅರ್ಲೀನ್ ಎಣಿಸಿರಲಿಲ್ಲ. ಒಪ್ಪಿದ್ದಕ್ಕೆ ಸಂತೋಷವಾಗಬೇಕಿತ್ತು. ತನ್ನ ಬಾಡಿಗೆ ಕೋಣೆಗೆ ಬಂದು ಸಾರು ಬಿಸಿಗಿಟ್ಟು, ಅದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುವವರೆಗೂ ಕಿಟಕಿಯ ಮುಂದೆ ನಿಂತಿದ್ದಳು.

ಭಾನುವಾರದ ಊಟಕ್ಕೆ ಮಗಳು ಕೊಲೆಟ್ ಗ್ರೀನ್ ಬೇ ಪಟ್ಟಣದಿಂದ ಬಂದಿದ್ದಳು. ಎಲೆಕೋಸು ಆಲೂಗಡ್ಡೆ ಕಲಸಿ ಬೇಯಿಸಿದ ಪಲ್ಯ, ಹಂದಿಮಾಂಸದ ಸಾಸೇಜು, ಉಪ್ಪಿನಕಾಯಿ. ವಿಷಯ ತಿಳಿದು ಅವಳು ಮುಳ್ಳುಚಮಚ ಕೆಳಗಿಟ್ಟಳು.

“ಲೋಕದಲ್ಲಿ ಜನ ವಿಚ್ಛೇದನ ಮಾಡ್ಕೊಂಡು ದುಡ್ಡು ಕಳ್ಕೋತಾರೆ. ನಮ್ಮಮ್ಮ ಒಬ್ಬಳೇ ಅದರಲ್ಲಿ ದುಡ್ಡು ಮಾಡೋದು.”

“ಮಾಡೋದಲ್ಲ ಕಣೇ, ಸೂರು ಹೊದಿಸೋದು” ಎಂದಳು ಅರ್ಲೀನ್.

“ಅಪ್ಪ, ನೀನಾದರೂ ಬಾಯಿ ಬಿಡು.”

“ಆಲೂಗಡ್ಡೆ ಈ ಕಡೆ ತಳ್ಳು” ಎಂದ ಕ್ಲೆಮ್.

“ಇದೇ ಆಯ್ತು ಈ ಮನೇಲಿ. ಅಮ್ಮ ಮನೆ ಬಿಟ್ಟು ಹೋಗ್ತೀನಿ ಅಂದಾಗಲೂ ನೀನು ಆಲೂಗಡ್ಡೆ ತಿಂತಾ ಕೂತಿದ್ದೆ.”

“ಅವತ್ತು ಬಟಾಣಿ ಮಾಡಿದ್ದೆ” ಎಂದಳು ಒಡೀಲ್ ಮೇಜಿನ ತಲೆಯಿಂದ. ಎಂಬತ್ತೆಂಟರ ಮುದುಕಿ, ಬೆನ್ನು ಬಾಗಿತ್ತು, ಕಿವಿ ಚುರುಕಾಗಿತ್ತು. ಅಷ್ಟು ಹೇಳಿ ಎದ್ದು, ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಸಾಸೇಜು ಹಾಕಿ, ಒಲೆಯ ಪಕ್ಕದ ಹಿಟ್ಟಿನ ಪೆಟ್ಟಿಗೆಯ ಮೇಲೆ ಕೂತು ವಲಸೆ ಬಂದ ತನ್ನ ಹಿರಿಯರಾಡುತ್ತಿದ್ದ ವಲೂನ್ ಭಾಷೆಯಲ್ಲಿ ಏನೋ ಗೊಣಗಿಕೊಂಡಳು. ಮನೆಯಲ್ಲಿ ಆ ಮಾತು ಬಲ್ಲವರು ಈಗ ಅವಳು ಮತ್ತು ಮಗ ಇಬ್ಬರೇ. ಕ್ಲೆಮ್ ತಲೆ ಎತ್ತಲಿಲ್ಲ.

ಅರ್ಲೀನ್ ಆ ಪೆಟ್ಟಿಗೆಯನ್ನೇ ನೋಡಿದಳು. ಓಕ್ ಮರದ್ದು, ಮುಚ್ಚಳ ಸವೆದು ಮಧ್ಯದಲ್ಲಿ ಹಳ್ಳ ಬಿದ್ದಿತ್ತು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅವಳು ಅದನ್ನು ಕಷ್ಟಪಟ್ಟು ಕಿಟಕಿಯ ಕೆಳಗೆ ಎಳೆದಿಟ್ಟಿದ್ದಳು. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತಿತ್ತು, ನಾದುವಾಗ ಹೊರಗಿನ ಸೇಬಿನ ಮರ ಕಾಣುತ್ತಿತ್ತು. ಸಂಜೆ ಹೊಲದಿಂದ ಬರುವಷ್ಟರಲ್ಲಿ ಪೆಟ್ಟಿಗೆ ಒಲೆಯ ಪಕ್ಕಕ್ಕೆ ಮರಳಿತ್ತು. ಅತ್ತೆ ಬೈಯಲಿಲ್ಲ, ಮುಖ ಊದಿಸಲಿಲ್ಲ, ಊಟ ಬಡಿಸಿದಳು. ಮರುವರ್ಷ ಅರ್ಲೀನ್ ಮತ್ತೆ ಸರಿಸಿದಳು, ಅತ್ತೆ ಮತ್ತೆ ವಾಪಸಿಟ್ಟಳು. ಹೀಗೆ ಇಪ್ಪತ್ತೆಂಟು ವರ್ಷ. ಅಂಗಳದ ಇಟ್ಟಿಗೆ ಒಲೆಗೂಡಿನಲ್ಲಿ ಪೈ ಬೇಯಿಸುವ ದಿನ, ಬೆಂಕಿ ಹದವಾಯಿತೇ ಎಂದು ಒಳಗೆ ಒಂದು ಹಿಡಿ ಹಿಟ್ಟು ಎಸೆದು ನೋಡುವುದು ಆ ಮನೆಯ ಒಡತಿಯ ಕೆಲಸ. ಎಸೆದ ಹಿಟ್ಟು ಕರಿಯಾಗದೆ ಕೆಂಪಗಾದರೆ ಹದ. ಆ ಹಿಡಿ ಹಿಟ್ಟು ಒಂದು ಸಲವೂ ಅವಳ ಕೈಗೆ ಬಂದಿರಲಿಲ್ಲ. ಕಲಸುವುದು ಅವಳು, ಹಣ್ಣು ಅರೆಯುವುದು ಅವಳು, ಪಾತ್ರೆ ತೊಳೆಯುವುದು ಅವಳು.

“ಮಹಡಿ ಮೇಲೆ ನನಗೊಂದು ಚಿಕ್ಕ ಅಡುಗೆಮನೆ ಮಾಡಿಕೊಡು” ಎಂದು ಗಂಡನನ್ನು ಕೇಳುತ್ತಿದ್ದಳು. ಕ್ಲೆಮ್ ಇಲ್ಲ ಎಂದವನಲ್ಲ. ಪ್ರತಿ ವಸಂತದಲ್ಲೂ ಅಳತೆ ಪಟ್ಟಿ ತಂದು, ಒಲೆ ಇಲ್ಲಿ, ತೊಟ್ಟಿ ಇಲ್ಲಿ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀರು ಹಾಕುತ್ತಿದ್ದ. ಆಗ ಅವನ ಕಿವಿಯ ಹಿಂದೆ ಪೆನ್ಸಿಲ್ ಇರುತ್ತಿತ್ತು, ಬಾಯಲ್ಲಿ ಶಿಳ್ಳೆ ಇರುತ್ತಿತ್ತು. ಪುಟ್ಟ ಕೊಲೆಟ್ ಪಟ್ಟಿಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. ರಾತ್ರಿ ಮಲಗಿ ಇಬ್ಬರೂ ಕಪಾಟಿಗೆ ಯಾವ ಬಣ್ಣ ಎಂದು ಮಾತಾಡುತ್ತಿದ್ದರು. ಅವಳು ಹಳದಿ ಎನ್ನುವಳು, ಅವನು ಹಸಿರು ಎನ್ನುವನು. ಆಮೇಲೆ ಬಿತ್ತನೆ ಬರುತ್ತಿತ್ತು, ಹುಲ್ಲು ಕೊಯ್ಲು ಬರುತ್ತಿತ್ತು, ಗೀರು ಗೀರಾಗಿಯೇ ಉಳಿಯುತ್ತಿತ್ತು. ಮನೆ ಬಿಟ್ಟ ದಿನ ಅವಳು ಅತ್ತೆಯನ್ನು ಏನೂ ಅನ್ನಲಿಲ್ಲ. ಗಂಡನಿಗೆ ಮಾತ್ರ, “ನಿನ್ನ ಮನೇಲಿ ನಿನಗೊಂದು ಗೋಡೆ ಒಡೆಯೋ ಧೈರ್ಯ ಇಲ್ಲ” ಎಂದಿದ್ದಳು. 

ಅರ್ಜಿ ಹೋಯಿತು. ಏಪ್ರಿಲ್‌ನಲ್ಲಿ ಮನೆಯ ಕರಾರೂ ಆಯಿತು. ಕೊಟ್ಟಿಗೆಯಲ್ಲಿ ಬೆಳಗಿನ ಮಾತು ಮಾತ್ರ ಕಡಿಮೆಯಾಯಿತು. ಮೊದಲು ಹಾಲಿನ ಬೆಲೆ, ಅವರಿವರ ಮನೆಯ ಸುದ್ದಿ ಆಡುತ್ತಿದ್ದವರು ಈಗ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವಷ್ಟು ಮರ್ಯಾದೆಯಿಂದ ನಡೆಯತೊಡಗಿದರು.

“ಕೋರ್ಟಿಗೆ ಕರಿ ಕೋಟು ಹಾಕ್ಕೊಂಡು ಬರಬೇಕಾ?” ಎಂದು ಕ್ಲೆಮ್ ಒಂದು ದಿನ ಕೇಳಿದ. “ನನ್ನ ಹತ್ತಿರ ಇರೋದು ಮದುವೇದೊಂದೇ.”

“ಅದು ಹಿಡಿಸುತ್ತಾ ನಿನಗೆ ಈಗ?”

“ಗುಂಡಿ ಬಿಚ್ಚಿದ್ದರೆ ಹಿಡಿಸುತ್ತೆ.”

ಇಬ್ಬರೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಮುಜುಗರವಾಯಿತು.

ಮೇ ಕೊನೆಯಲ್ಲಿ ಸತ್ತವರನ್ನು ನೆನೆಯುವ ರಜೆ ಬಂತು. ಆ ದಿನ ಎಲ್ಲರೂ ಚರ್ಚಿನ ಹಿಂದಿನ ಸಮಾಧಿಗಳಿಗೆ ಹೋಗಿ ಕಳೆ ಕಿತ್ತು, ಕೆಂಪು ಜೆರೇನಿಯಂ ನೆಟ್ಟು ಬರುವುದು. ಬಂದ ಮೇಲೆ ಅಂಗಳದಲ್ಲಿ ಪೈ ಬೇಯಿಸುವುದು. ಬರಬೇಕೋ ಬೇಡವೋ ಎಂದು ಅರ್ಲೀನ್ ಹಿಂದೆಮುಂದೆ ನೋಡುತ್ತಿದ್ದಳು. “ಹಿಟ್ಟು ಕಲಸೋರು ಯಾರು ಅಂತ ಅಜ್ಜಿ ಕೇಳ್ತಿದಾಳೆ” ಎಂದು ಕೊಲೆಟ್ ಫೋನ್ ಮಾಡಿದಳು. ಅರ್ಲೀನ್ ಬಂದಳು.

ಇಷ್ಟಗಲದ ಹಿಟ್ಟಿನ ಹಾಳೆ, ಅದರ ಮೇಲೆ ಬೇಯಿಸಿ ಅರೆದ ಒಣ ಪ್ಲಮ್ ಹಣ್ಣು, ಅದರ ಮೇಲೆ ಸಿಹಿ ಚೀಸಿನ ಹೊದಿಕೆ. ಹಲಗೆಗಳ ಮೇಲೆ ಪೈಗಳು ಸಾಲಾಗಿ ಕೂತವು. ಒಡೀಲ್ ಒಲೆಗೂಡಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕ್ಲೆಮ್ ಕೆಂಡ ಕೆದಕಿ ಹೊರಗೆಳೆಯುತ್ತಿದ್ದ.

“ಕೋರ್ಟು ಯಾವತ್ತು?” ಎಂದಳು ಮುದುಕಿ ಇದ್ದಕ್ಕಿದ್ದಂತೆ.

“ಬರೋ ತಿಂಗಳು ಹದಿನೇಳಕ್ಕೆ, ಅತ್ತೆ.”

“ಯಾಕೆ ಹೋಗ್ಬೇಕು ಅಂತ ಇನ್ನೊಂದು ಸಲ ಹೇಳು. ಆವತ್ತು ಸರಿಯಾಗಿ ಕೇಳಿಸಲಿಲ್ಲ.”

ಅವಳಿಗೆ ಕೇಳಿಸದಿರುವುದು ಯಾವುದೂ ಇರಲಿಲ್ಲ. ಆದರೂ ಅರ್ಲೀನ್ ಹೇಳಿದಳು. “ಕ್ಲೆಮ್‌ಗೆ ಮನೆ ಇದೆ. ನಾನು ಅವನ ಹೆಂಡತಿ. ಅದಕ್ಕೇ ನನಗೂ ಮನೆ ಇದೆ ಅಂತ ಸರಕಾರದ ಲೆಕ್ಕ.”

“ಅಮ್ಮಾ, ಹಿಟ್ಟು ಎಸಿ, ಕಾವು ಹೋಗುತ್ತೆ” ಎಂದ ಕ್ಲೆಮ್.

“ಹೋಗಲಿ” ಎಂದಳು ಒಡೀಲ್. “ಕ್ಲೆಮ್‌ಗೆ ಯಾವ ಮನೆ ಇದೆ?”

ಕ್ಲೆಮ್ ಕೆಂಡ ಕೆದಕುವುದನ್ನು ನಿಲ್ಲಿಸಿದ. ಮಾತು ಮುಂದುವರಿಸಿದ್ದು ಮುದುಕಿಯೇ.

“ನಿಮ್ಮ ಮಾವ ಸತ್ತ ವರ್ಷ ಹೊಲ ಬರೆದುಕೊಟ್ಟೆ, ಕೊಟ್ಟಿಗೆ ಕೊಟ್ಟೆ, ಹಸು ಕೊಟ್ಟೆ. ಮನೆ ಕೊಡಲಿಲ್ಲ. ಮನೆ, ಈ ಅಂಗಳ, ಈ ಒಲೆ ಎಲ್ಲ ಇವತ್ತಿಗೂ ನನ್ನ ಹೆಸರಲ್ಲೇ ಇದೆ. ನಮ್ಮತ್ತೇನೂ ಹಾಗೇ ಇಟ್ಕೊಂಡಿದ್ದಳು, ಸಾಯೋ ತನಕ. ಮನೆ ಕೊಟ್ಟ ಮುದುಕೀನ ಮೂಲೆಗೆ ಕೂರಿಸ್ತಾರೆ ಅಂತ ನನಗೆ ಹೇಳಿಕೊಟ್ಟಿದ್ದು ಅವಳೇ.” ಮಗನ ಕಡೆ ತಿರುಗಿದಳು. “ಅವತ್ತು ಊಟದಲ್ಲಿ ನಿನಗೆ ಅರ್ಥ ಆಗೋ ಮಾತಲ್ಲೇ ಹೇಳಿದೆ, ಬಾಯಿ ಬಿಟ್ಟು ಹೇಳೋ ಅಂತ. ನೀನು ಹೇಳಲಿಲ್ಲ. ಇನ್ನು ನಾನೇ ಹೇಳಬೇಕಾಯ್ತು.”

“ಅಪ್ಪ, ನಿನಗೆ ಗೊತ್ತಿತ್ತಾ?” ಎಂದಳು ಕೊಲೆಟ್.

ಕ್ಲೆಮ್ ಕೆಂಡದ ಸಲಿಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಿ ಮತ್ತೆ ಒರಗಿಸಿದ. “ಬರ್ನಿಸ್ ಮುಂದೆ ಏನಂತ ಹೇಳಲಿ? ಅರವತ್ತೊಂದು ವರ್ಷ ನನಗೆ. ಇನ್ನೂ ಅಮ್ಮನ ಮನೇಲಿ ಇದೀನಿ ಅನ್ನಲಾ? ಇವಳೇ ಊರಿಗೆಲ್ಲ ಗೊತ್ತು ಅಂದುಬಿಟ್ಟಳು.” ಒಲೆಯ ಕಡೆ ತಿರುಗಿ, “ವಿಚ್ಛೇದನ ಬೇಕು ಅಂತ ಇವಳಿಗೇ ಇರಬಹುದು ಅಂದ್ಕೊಂಡೆ. ಅಡ್ಡ ಬರೋದು ಬೇಡ ಅಂತ” ಎಂದ.

ಅರ್ಲೀನ್ ಕೈಗೆ ಅಂಟಿದ ಹಿಟ್ಟನ್ನು ಬಿಡಿಸಿಕೊಳ್ಳುತ್ತಿದ್ದಳು. ಮಹಡಿಯ ಗೋಡೆಯ ಗೀರುಗಳು ಅವಳ ಕಣ್ಣ ಮುಂದೆ ಬಂದವು, ಒಂದರ ಮೇಲೊಂದು, ಒಂದೊಂದು ವರ್ಷದ್ದು.

“ಆ ಗೋಡೆ” ಎಂದಳು. “ಅದನ್ನ ಒಡೆಯೋದಕ್ಕೆ ಅತ್ತೇನ ಕೇಳಿದ್ದೆಯಾ ನೀನು?”

“ಪ್ರತಿ ವರ್ಷ ಕೇಳ್ತಿದ್ದ” ಎಂದಳು ಒಡೀಲ್. “ಪ್ರತಿ ವರ್ಷ ಬೇಡ ಅಂತಿದ್ದೆ. ಎರಡು ಒಲೆ ಆದರೆ ಮನೆ ಎರಡಾಗುತ್ತೆ ಅಂತ ನನ್ನ ಹೆದರಿಕೆ. ಆಮೇಲೆ ಆಗಿದ್ದೂ ಅದೇ.”

“ನನಗ್ಯಾಕೆ ಹೇಳಲಿಲ್ಲ?” ಅರ್ಲೀನ್ ಕೇಳಿದ್ದು ಗಂಡನನ್ನು.

“ನೀನು ಬಣ್ಣ ಹೇಳ್ತಾ ಇದ್ದೆಯಲ್ಲ” ಎಂದ ಕ್ಲೆಮ್. “ಹಳದಿ ಅಂತ. ಅದನ್ನ ಕೇಳೋದು ಚೆನ್ನಾಗಿರ್ತಿತ್ತು.”

ಇಪ್ಪತ್ತೆಂಟು ವರ್ಷ ತಾನು ಗಂಡನೇ ಆ ಮನೆಯ ಯಜಮಾನನೆಂದುಕೊಂಡು ಬೈಯುತ್ತಿದ್ದೆ, ಅವನೂ ತನ್ನ ಹಾಗೆಯೇ ಅಲ್ಲಿ ಉಣ್ಣಲು ಕೂತವನಾಗಿದ್ದ ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು. ಬಗ್ಗಿ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು.

“ಹಾಗಾದರೆ ಕೋರ್ಟಿಗೆ ಹೋಗೋದೇನೂ ಬೇಕಾಗಿಲ್ಲ?” ಎಂದಳು ಕೊಲೆಟ್.

ಅರ್ಲೀನ್ ಕ್ಲೆಮ್‌ನನ್ನು ನೋಡಿದಳು. “ನಿನಗೆ ಬೇಕಾ?”

“ನಾನು ಕೇಳಿದ್ದಲ್ಲ.”

“ನಾನೂ ಕೇಳಿದ್ದಲ್ಲ. ಬರ್ನಿಸ್ ಕೇಳಿದ್ದು.” ಅತ್ತೆಯ ಕಡೆ ತಿರುಗಿದಳು. “ಆದರೆ ನಾನು ಇಲ್ಲಿಗೆ ವಾಪಸು ಬರಲ್ಲ ಅತ್ತೆ. ಜೋಸೆಫೀನ್ ಮನೆ ತಗೊಂಡೇ ತಗೋತೀನಿ.”

“ತಗೋ ಅಂತ ತಾನೇ ನಾನು ಬಾಯಿ ಬಿಟ್ಟಿದ್ದು” ಎಂದಳು ಒಡೀಲ್. ಒಂದು ಹಿಡಿ ಹಿಟ್ಟು ತೆಗೆದು ಒಲೆಗೂಡಿನೊಳಗೆ ಎಸೆದಳು. ಹಿಟ್ಟು ಬೆಳ್ಳಗೆಯೇ ಉಳಿಯಿತು. ಮಾತಾಡುತ್ತಾ ಕೂತದ್ದರಲ್ಲಿ ಒಲೆಯ ಕಾವು ಇಳಿದುಹೋಗಿತ್ತು. “ಇನ್ನೊಂದು ಸಲ ಉರಿ ಹಾಕೋ” ಎಂದು ಮಗನನ್ನು ಗದರಿದಳು.

ಮರುವಾರ ಮೂವರೂ ಬರ್ನಿಸ್ ಮುಂದೆ ಕೂತರು. ಮುದುಕಿ ಪೂಜೆಗೆ ಹಾಕುವ ಟೊಪ್ಪಿ ಹಾಕಿಕೊಂಡು ಬಂದಿದ್ದಳು. ಬರ್ನಿಸ್ ಮನೆಯ ಪತ್ರ ನೋಡಿ, ಜಿಲ್ಲಾ ಕಚೇರಿಗೆ ಫೋನ್ ಮಾಡಿ, ಕನ್ನಡಕ ತೆಗೆದಳು.

“ಇವರಿಬ್ಬರಲ್ಲಿ ಯಾರಿಗೂ ಮನೆ ಇಲ್ಲ. ಜಂಟಿ ಲೆಕ್ಕದಲ್ಲೇ ಪೂರ್ತಿ ಎಂಟು ಸಾವಿರ ಬರುತ್ತೆ. ಇದನ್ನ ಫೆಬ್ರವರಿಯಲ್ಲೇ ಹೇಳಬಾರದಿತ್ತಾ ಕ್ಲೆಮ್?”

“ಟೊಪ್ಪಿ ತಿರುಗಿಸ್ತಾ ಇದ್ದ ಅವನು” ಎಂದಳು ಅರ್ಲೀನ್.

ಕೋರ್ಟಿನ ಅರ್ಜಿಯನ್ನು ಇಬ್ಬರೂ ಸೇರಿ ಹಿಂದಕ್ಕೆ ತೆಗೆದುಕೊಂಡರು. ಜೂನ್ ಮುಗಿಯುವ ಮೊದಲೇ ಜೋಸೆಫೀನ್ ಮನೆಯ ಬೀಗದ ಕೈ ಅರ್ಲೀನ್‌ಗೆ ಸಿಕ್ಕಿತು. ಕ್ಲೆಮ್ ಮೂರು ಸಂಜೆ ಬಂದು ಅಡುಗೆಮನೆಯ ಕಪಾಟಿಗೆ ಹಳದಿ ಬಣ್ಣ ಹೊಡೆದ. ರಾತ್ರಿಯಾಗುತ್ತಲೇ ತೋಟಕ್ಕೆ ಹಿಂದಿರುಗುತ್ತಿದ್ದ. ಬಾಗಿಲಲ್ಲಿ ಬೂಟು ಬಿಚ್ಚಿ, ಟೊಪ್ಪಿ ಕೈಯಲ್ಲಿ ಹಿಡಿದು, “ಎಲ್ಲಿ ನೇತುಹಾಕಲಿ?” ಎಂದು ಕೇಳಿ ಒಳಗೆ ಬರುತ್ತಿದ್ದ.

ಸೂರು ಹೊದಿಸಿ ಮುಗಿದ ಭಾನುವಾರ ಊಟ ಅಲ್ಲಿಯೇ ಆಯಿತು. ಬೆಳಗಿನ ಪೂಜೆ ಮುಗಿದ ಕೂಡಲೇ ಕ್ಲೆಮ್ ಪಿಕಪ್ಪಿನಲ್ಲಿ ಅಮ್ಮನನ್ನೂ, ಅವಳ ಹಿಂದೆ ಹಗ್ಗ ಬಿಗಿದ ಹಿಟ್ಟಿನ ಪೆಟ್ಟಿಗೆಯನ್ನೂ ತಂದ. ಅವನೂ ಕೊಲೆಟ್ಟೂ ಅದನ್ನು ಎತ್ತಿಕೊಂಡು ಅಡುಗೆಮನೆಯ ಮಧ್ಯೆ ನಿಂತರು.

“ಅಜ್ಜಿ, ನಿನ್ನ ಮನೇಲಿ ಹಿಟ್ಟೆಲ್ಲಿ ಇಡ್ತೀಯ ಇನ್ಮೇಲೆ?”

“ತಗಡಿನ ಡಬ್ಬ ಇದೆ. ನಮ್ಮಿಬ್ಬರಿಗೆ ಎಷ್ಟು ಬೇಕು” ಎಂದಳು ಒಡೀಲ್. ಕೋಲೆತ್ತಿ ಒಲೆಯ ಪಕ್ಕ ತೋರಿಸಿ, “ಅಲ್ಲಿ...” ಎಂದವಳು ಕೋಲು ಇಳಿಸಿದಳು. ಸೊಸೆಯ ಮುಖ ನೋಡಿದಳು. “ಎಲ್ಲಿ ಇಡಬೇಕಮ್ಮ?”

“ಕಿಟಕಿ ಕೆಳಗೆ ಅತ್ತೆ.”

ಇಟ್ಟರು. ಪೂರ್ವದ ಬಿಸಿಲು ಸವೆದ ಮುಚ್ಚಳದ ಹಳ್ಳದಲ್ಲಿ ನಿಂತಿತು. ಒಡೀಲ್ ಬಹಳ ಹೊತ್ತು ಅದನ್ನು ನೋಡಿದಳು.

“ಬಿಸಿಲು ಬೀಳುತ್ತೆ ಅಲ್ಲಿ. ಹಿಟ್ಟಿಗೆ ಹುಳ ಹಿಡಿಯುತ್ತೆ” ಎಂದಳು.

“ಹಿಡೀಲಿ ಅತ್ತೆ” ಎಂದಳು ಅರ್ಲೀನ್. “ಕೂತ್ಕೊಳ್ಳಿ, ಊಟ ಬಡಿಸ್ತೀನಿ.”